ನೋಟ್‌ಬುಕ್ಕು ಮತ್ತು ಮೊಬೈಲು: ಟಿಪ್ಪಣಿಗಳನ್ನು ಒಂದೇ ಕಡೆ ಇಡಬೇಕೇ?

ಉಡುಪಿಯ ಓದುಗಿ:
ನಮಸ್ಕಾರ. ಕೆಲಸಕ್ಕಾಗಿ ದಿನವೂ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುವ ನಾನು ಬಿಡುವಿನಲ್ಲಿ ಪ್ರಬಂಧಗಳನ್ನು ಬರೆಯುತ್ತೇನೆ. ದಾರಿಯಲ್ಲಿ ಹೊಳೆದದ್ದನ್ನು ಗೂಗಲ್ ಕೀಪ್‌ನಲ್ಲಿಯೂ ಮನೆಯಲ್ಲಿ ಹೊಳೆದದ್ದನ್ನು ನೋಟ್‌ಬುಕ್ಕಿನಲ್ಲಿಯೂ ಬರೆದಿಡುವುದರಿಂದ ಒಂದೇ ವಿಷಯ ಅಲ್ಲಷ್ಟು ಇಲ್ಲಷ್ಟು ಹಂಚಿಹೋಗುತ್ತದೆ. ಕಾಗದದ ಮೇಲೆ ಯೋಚನೆ ಬೆಳೆಯುತ್ತದೆ, ಆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ಹುಡುಕಿದೊಡನೆ ಸಿಗುತ್ತದೆ, ಆದರೆ ಅಲ್ಲಿ ಬರೆದದ್ದು ಎರಡು ಸಾಲು ದಾಟುವುದೇ ಇಲ್ಲ. ಎಲ್ಲವನ್ನೂ ಒಂದೇ ಕಡೆಗೆ ತರುವುದು ಒಳ್ಳೆಯದೇ?

ಕದ್ರಿಯಿಂದ:
ಬೇಡ ಮೇಡಂ. ಬರೆದದ್ದನ್ನೆಲ್ಲ ಮತ್ತೆ ಟೈಪ್ ಮಾಡುವ ಉತ್ಸಾಹ ಯಾರಿಗೂ ಹೆಚ್ಚು ದಿನ ಇರುವುದಿಲ್ಲ. ನಾನು ಮೊಬೈಲನ್ನು ನೋಟ್‌ಬುಕ್ಕಿನ ವಿಷಯಸೂಚಿಯಾಗಿ ಮಾತ್ರ ಬಳಸುತ್ತೇನೆ. ಪ್ರತಿ ಪುಸ್ತಕಕ್ಕೂ ಪುಟಕ್ಕೂ ಸಂಖ್ಯೆ ಹಾಕಿ, ಬರೆದು ಮುಗಿಸಿದ ಮೇಲೆ ಮೊಬೈಲಿನಲ್ಲಿ ‘ಪುಸ್ತಕ 4, ಪುಟ 37: ಕೋಲದ ರಾತ್ರಿ, ದೀವಟಿಗೆ, ಅಜ್ಜಿಯ ಮಾತು’ ಎಂದಷ್ಟೇ ಸೇರಿಸುತ್ತೇನೆ. ‘ದೀವಟಿಗೆ’ ಎಂದು ಹುಡುಕಿದರೆ ಕಪಾಟಿನಿಂದ ಯಾವ ಪುಸ್ತಕ ತೆಗೆಯಬೇಕೆಂಬುದು ತಿಳಿಯುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್ ಬಿಟ್ಟುಹೋದ ಸುಮಾರು 90,000 ಚೀಟಿಗಳಲ್ಲಿಯೂ ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸುವುದು ಇಂಥ ಸಂಖ್ಯೆಗಳೇ. ಅವರಿಗೆ ಕಂಪ್ಯೂಟರ್ ಬೇಕಾಗಲಿಲ್ಲ ಎಂಬುದು ಬೇರೆ ಮಾತು.

ಮಣಿಪಾಲದ ಟೈಪಿಗ:
ಸೂಚಿಯ ಉಪಾಯ ಚೆನ್ನಾಗಿದೆ, ಆದರೆ ಮೊಬೈಲಿನಲ್ಲಿ ಬರಹ ಬೆಳೆಯದಿರುವುದಕ್ಕೆ ಮೊಬೈಲನ್ನೇ ದೂರಬೇಕಾಗಿಲ್ಲ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕೈಗೆ ಕೂತವರು ಕಂಪ್ಯೂಟರಿನಲ್ಲಿ ಕನ್ನಡವನ್ನು ಪೆನ್ನಿಗಿಂತ ವೇಗವಾಗಿ ಬರೆಯುತ್ತಾರೆ. ಬಸ್ಸಿನಲ್ಲಿ ಮಾತಾಡಿ ಟೈಪ್ ಮಾಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ: ಹಾರ್ನ್ ಸದ್ದಿನ ನಡುವೆ ಅರ್ಧ ಮಾತು ಬಿಟ್ಟುಹೋಗುತ್ತದೆ, ನಡುವೆ ತುಳು ಬಂದರೆ ಅದನ್ನು ಹತ್ತಿರದ ಯಾವುದೋ ಕನ್ನಡ ಪದವಾಗಿ ಮಾಡಿಬಿಡುತ್ತದೆ. ಇನ್ನೊಂದು ಮಾತು: ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ನಿಮ್ಮ ಹಳೆಯ ಕಡತಗಳಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಕನ್ನಡದಲ್ಲಿ ಎಷ್ಟು ಹುಡುಕಿದರೂ ಅವು ಸಿಗುವುದಿಲ್ಲ, ಏಕೆಂದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ.

ಕುಂದಾಪುರದವ:
ಮಳೆಗಾಲವನ್ನು ಯಾರೂ ನೆನೆಯಲಿಲ್ಲವಲ್ಲ! ಶಾಯಿ ಪೆನ್ನಿನ ಬರಹ ನೀರು ತಾಗಿದರೆ ಹರಡುತ್ತದೆ, ಪೆನ್ಸಿಲಿನದು ಹರಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದ ಪುಸ್ತಕಕ್ಕೆ ಪೆನ್ಸಿಲೇ ಸರಿ. ತುಂಬಿದ ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಉಡುಪಿಯ ಓದುಗಿ:
ಎಲ್ಲರಿಗೂ ಧನ್ಯವಾದ. ಪುಟಗಳ ಫೋಟೋ ತೆಗೆದಿಟ್ಟರೆ ಸೂಚಿಯ ಶ್ರಮ ಉಳಿಯುವುದಿಲ್ಲವೇ?

ಕದ್ರಿಯಿಂದ:
ಪುಸ್ತಕ ಕಳೆದರೆ ಫೋಟೋ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ತೆಗೆದಿಡಿ. ಹುಡುಕುವುದಕ್ಕೆ ಅದನ್ನು ನಂಬಬೇಡಿ. ಅಚ್ಚಾದ ಕನ್ನಡವನ್ನು ಓದುವಷ್ಟು ಸಲೀಸಾಗಿ ಈ ಆ್ಯಪ್‌ಗಳು ನಮ್ಮ ಕೈಬರಹವನ್ನು, ಅದರಲ್ಲೂ ಅವಸರದಲ್ಲಿ ಗೀಚಿದ ಒತ್ತಕ್ಷರಗಳನ್ನು ಓದುವುದಿಲ್ಲ. ಫೋಟೋದ ಕೆಳಗೂ ಆ ಒಂದು ಸಾಲಿನ ಸೂಚಿಯನ್ನು ಬರೆಯಲೇಬೇಕಾಗುತ್ತದೆ.