ಚೈನ್ ಕಾಟ ಇರುವ ಹಳೇ ಡೀಸೆಲ್ ಕಾರು ತಗೋಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು:
2011ರ ಮಾಡೆಲ್, 2 ಲೀಟರ್ ಡೀಸೆಲ್, 1,48,000 ಕಿಮೀ ಓಡಿದೆ. ಎರಡನೇ ಮಾಲೀಕರು ಮಾರುತ್ತಿದ್ದಾರೆ. ಗಾಡಿ ನೋಡೋಕೆ ಚೆನ್ನಾಗಿದೆ, ಬೆಲೆಯೂ ಕೈಗೆಟುಕುತ್ತದೆ. ಆದರೆ ಈ ಎಂಜಿನ್ನಿನ ಟೈಮಿಂಗ್ ಚೈನ್ (ಪಿಸ್ಟನ್ ಚಲನೆಗೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸುವ ಸರಪಳಿ) ಹಿಂಬದಿ, ಗೇರ್‌ಬಾಕ್ಸ್ ಕಡೆ ಇದೆ, ಸವೆದು ತುಂಡಾಗುತ್ತದೆ ಅಂತ ಓದಿದೆ. ನನ್ನ ಓಡಾಟ ಕೆಲಸಕ್ಕೆ 7 ಕಿಮೀ, ವಾಪಸ್ 7 ಕಿಮೀ. ತಿಂಗಳಿಗೊಮ್ಮೆ ದೂರ ಹೋಗ್ತೀನಿ. ತಗೋಬಹುದಾ?

ಸುಟ್ಟ ಕೈ:
ಬೇಡ. ನನ್ನ ಕಥೆ ಕೇಳಿ. ಇದೇ ಥರದ ಎಂಜಿನ್, 1,32,000ಕ್ಕೆ ತಗೊಂಡೆ. ನಾಲ್ಕು ಸಾವಿರ ಓಡಿಸುವಷ್ಟರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು. ಎರಡೇ ಸೆಕೆಂಡು, ಆಮೇಲೆ ಇಲ್ಲ. ಡೀಸೆಲ್ ಅಂದಮೇಲೆ ಸದ್ದು ಇದ್ದದ್ದೇ ಅಂತ ಸುಮ್ನಿದ್ದೆ. ಮೆಕ್ಯಾನಿಕ್ ಗದರಿದ. ಗೇರ್‌ಬಾಕ್ಸ್ ಇಳಿಸಿ ಚೈನ್, ಗೈಡ್, ಚೈನ್ ಬಿಗಿ ಹಿಡಿಯುವ ಟೆನ್ಷನರ್ ಎಲ್ಲ ಹಾಕಿಸಿ ಅಂದ. ಮುಂದಿನ ತಿಂಗಳು ನೋಡೋಣ ಅಂದೆ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಹೆದ್ದಾರಿಯಲ್ಲಿ 100ರಲ್ಲಿ ಹೋಗುತ್ತಿದ್ದೆ. ಟಪ್ ಅಂತ ಒಂದು ಸದ್ದು, ಎಂಜಿನ್ ಆಫ್. ಸೆಲ್ಫ್ ಹೊಡೆದರೆ ಯಾವ ಬಿಗಿಯೂ ಇಲ್ಲದೆ ಗರಗರ ತಿರುಗಿತು. ಹೆಡ್ ಇಳಿಸಿ ನೋಡಿದರೆ 16 ವಾಲ್ವ್‌ಗಳಲ್ಲಿ 11 ಬಗ್ಗಿದ್ದವು. ಪಿಸ್ಟನ್ ಮೇಲೆ ವಾಲ್ವಿನ ಅಚ್ಚು ಮೂಡಿತ್ತು.

ಗಾಡಿಗೆ ಕೊಟ್ಟ ದುಡ್ಡು ನೂರು ಅಂದುಕೊಳ್ಳಿ. ಅದರಲ್ಲಿ 62ರಷ್ಟು ಈ ರಿಪೇರಿಗೇ ಹೋಯಿತು. ಹೆಡ್ ಕೆಲಸ 24, ಕೂಲಿ 17. ಗೇರ್‌ಬಾಕ್ಸ್ ಹೇಗೂ ಇಳಿದಿದೆ ಅಂತ ಕ್ಲಚ್ ಮತ್ತು ಅದರ ಜತೆಯ ಭಾರದ ಚಕ್ರ, ಅಂದರೆ ಡ್ಯುಯಲ್ ಮಾಸ್ ಫ್ಲೈವೀಲ್ 13. ಬೋಲ್ಟ್, ಗ್ಯಾಸ್ಕೆಟ್, ಕೂಲಂಟ್ 2. ಚೈನ್ ಕಿಟ್ ಎಷ್ಟು ಗೊತ್ತಾ? ಬರೀ 6! ಆ ಆರನ್ನು ಉಳಿಸೋಕೆ ಹೋಗಿ ಇಷ್ಟೆಲ್ಲ. 47 ದಿನ ಗಾಡಿ ಇಲ್ಲ.

ಮೂರು ಲಕ್ಷ ದಾಟಿದವ:
ಸುಮ್ನೆ ಹೆದರಿಸಬೇಡಿ. ನನ್ನದೂ ಇದೇ ಎಂಜಿನ್. 3,12,000 ಕಿಮೀ ಓಡಿದೆ, ಇವತ್ತಿಗೂ ಅರ್ಧ ತಿರುವಿಗೆ ಸ್ಟಾರ್ಟ್. ಗುಟ್ಟು ಏನೂ ಇಲ್ಲ, ಆಯಿಲ್. ಪುಸ್ತಕದಲ್ಲಿ 30,000ಕ್ಕೆ ಒಮ್ಮೆ ಅಂತ ಬರೆದಿರುತ್ತಾರೆ. ಅದನ್ನು ನಂಬಿದವರ ಚೈನೇ ತುಂಡಾಗೋದು. ಮಸಿ ತುಂಬಿದ ಆಯಿಲ್ ಚೈನಿನ ಪಿನ್ನುಗಳನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಚೈನ್ ಉದ್ದ ಆಗುತ್ತದೆ. ಟೆನ್ಷನರ್ ನಿಲ್ಲೋದೂ ಆಯಿಲ್ ಒತ್ತಡದ ಮೇಲೇ. ನಾನು 10,000ಕ್ಕೆ ಒಮ್ಮೆ ತಪ್ಪದೆ ಬದಲಾಯಿಸ್ತೀನಿ, 31 ಸಲ ಆಯಿತು. ಪ್ರತಿ ಸಲವೂ ಹೊಸ ಫಿಲ್ಟರ್, ಹೊಸ ವಾಷರ್. ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೇನೆ. 1,70,000ಕ್ಕೆ ಮುಂಜಾಗ್ರತೆಗೆ ಚೈನ್ ಹಾಕಿಸಿದ್ದು ಬಿಟ್ಟರೆ ಎಂಜಿನ್ನಿಗೆ ಸ್ಪ್ಯಾನರ್ ತಾಗಿಲ್ಲ.

ಸುಟ್ಟ ಕೈ:
ಅಂದ್ರೆ ನಿಮ್ಮದೂ ಚೈನ್ ಬದಲಾಯಿಸಿದ್ದೇ ಅಲ್ವಾ?

ಮೂರು ಲಕ್ಷ ದಾಟಿದವ:
ಮುಂಜಾಗ್ರತೆಗೆ ಅಂದೆ. ಓದೋಕೆ ಬರುತ್ತೆ ತಾನೇ? ಮೆಕ್ಯಾನಿಕ್ ಬಾಯಿಬಿಟ್ಟು ಹೇಳಿದರೂ ಮುಂದಿನ ತಿಂಗಳು ಅಂದವರು ನೀವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸುಟ್ಟ ಕೈ:
ಸ್ವಾಮಿ, ಚೈನನ್ನು ಹಿಂದುಗಡೆ ಇಟ್ಟವನು ನಾನಲ್ಲ. ಮುಂದುಗಡೆ ಇದ್ದಿದ್ದರೆ ಗೇರ್‌ಬಾಕ್ಸ್ ಇಳಿಸದೆ ಕೆಲಸ ಮುಗೀತಿತ್ತು. ಮೊದಲ ಇಬ್ಬರು ಮಾಲೀಕರು ಆಯಿಲ್ ಎಷ್ಟಕ್ಕೆ ಬದಲಾಯಿಸಿದರು ಅಂತ ನನಗೆ ಕನಸು ಬೀಳುತ್ತಾ?

ಮಸಿ:
ಇಬ್ಬರೂ ಚೈನ್ ಚೈನ್ ಅಂತೀರಿ. ನನ್ನನ್ನು ಮುಳುಗಿಸಿದ್ದು ಚೈನ್ ಅಲ್ಲ, ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ನನ್ನ ಓಡಾಟ ದಿನಕ್ಕೆ 9 ಕಿಮೀ. ಫಿಲ್ಟರಿನಲ್ಲಿ ಕೂತ ಮಸಿ ಸುಡೋಕೆ ಸುಮಾರು 600 ಡಿಗ್ರಿ ಶಾಖ ಬೇಕು. ಅದಕ್ಕೆ ಎಂಜಿನ್ ತಾನಾಗಿ ಹೆಚ್ಚಿಗೆ ಡೀಸೆಲ್ ಚಿಮ್ಮಿಸುತ್ತದೆ. ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಿಸಿದರೆ ಸುಟ್ಟು ಹೋಗುತ್ತದೆ. ನಾನು ಅಷ್ಟರೊಳಗೆ ಮನೆ ಸೇರಿ ಕೀ ತಿರುಗಿಸಿರ್ತೀನಿ. ಸುಡದೇ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್ ಜತೆ ಸೇರುತ್ತದೆ. ಒಂದು ದಿನ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಮೇಲಿತ್ತು. ನನ್ನ ಗಾಡಿ ಆಯಿಲ್ ಕುಡಿಯೋದೇ ಇಲ್ಲ ಅಂತ ಆರು ತಿಂಗಳು ಹೆಮ್ಮೆ ಪಟ್ಟಿದ್ದೆ. ಮೂಸಿ ನೋಡಿದರೆ ಬರೀ ಡೀಸೆಲ್ ವಾಸನೆ.

ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಾಕಿ ಮೂರು ಸಲ ಸುಡಿಸಿದರು. ಮಸಿ ಸುಡುತ್ತದೆ, ಬೂದಿ ಸುಡೋದಿಲ್ಲ. ನಾಲ್ಕನೇ ಸಲ ಫಿಲ್ಟರ್ ಬಿಚ್ಚಿ ತೊಳೆಸಿದೆ. ಆ ಹೊತ್ತಿಗೆ ಒತ್ತಡದ ಸೆನ್ಸರ್ ಹೋಗಿತ್ತು. ಅದರ ಹಿಂದೆ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆ ತಣಿಸುವ ಭಾಗ) ಸೋರಿ ಕೂಲಂಟ್ ಖಾಲಿ. ಒಂದನ್ನು ಮುಗಿಸಿ ಉಸಿರು ಬಿಡೋದು, ಇನ್ನೊಂದು ದೀಪ ಹತ್ತೋದು.

ಖಾಲಿ ಪೈಪ್:
ಡಿಪಿಎಫ್ ಒಳಗಿರೋದನ್ನು ಕೊರೆದು ತೆಗೆಸಿ, ಸಾಫ್ಟ್‌ವೇರ್ ಬದಲಾಯಿಸಿ. ನಾನು ಮಾಡಿಸಿ ಮೂರು ವರ್ಷ ಆಯಿತು. ಪಿಕಪ್ ಕೂಡ ಜಾಸ್ತಿ.

ಮಸಿ:
ನಿಮ್ಮ ಹಿಂದೆ ಬರೋರು ನಿಮ್ಮ ಪಿಕಪ್ ಉಸಿರಾಡ್ತಾರೆ. ತಪಾಸಣೆಯಲ್ಲಿ ಫೇಲ್ ಆದ ದಿನ ಬಂದು ಹೇಳಿ.

ಪೆಟ್ರೋಲ್ ಪಕ್ಷ:
ಪೆಟ್ರೋಲ್ ತಗೊಳ್ಳಿ. ಮುಗೀತು.

ಖಾಲಿ ಪೈಪ್:
ಕೇಳಿದ್ದು ಡೀಸೆಲ್ ಬಗ್ಗೆ. ನಿಮ್ಮ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ನಿನ ವಾಲ್ವ್‌ಗೆ ಕಾರ್ಬನ್ ಕಟ್ಟಲ್ವಾ?

ಪೆಟ್ರೋಲ್ ಪಕ್ಷ:
ನನ್ನದು ಹಳೇ ಪೋರ್ಟ್ ಇಂಜೆಕ್ಷನ್, ಪೆಟ್ರೋಲ್ ವಾಲ್ವ್ ಮೇಲೇ ಬಿದ್ದು ತೊಳೆಯುತ್ತೆ. ನೀವು ನಿಮ್ಮ ಪೈಪ್ ನೋಡ್ಕೊಳ್ಳಿ.

ತಾಮ್ರದ ವಾಷರ್:
ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ವಾಪಸ್ ಬರುವ ಡೀಸೆಲ್ ಅಳೆಯುವ ಪರೀಕ್ಷೆ ಮಾಡಿಸದೆ ತಗೋಬೇಡಿ. ನಾಲ್ಕು ಬಾಟಲಿ ಕಟ್ಟಿ, ಎಂಜಿನ್ ಓಡಿಸಿ, ಯಾವುದರಲ್ಲಿ ಜಾಸ್ತಿ ತುಂಬುತ್ತದೆ ನೋಡೋದು, ಆ ಇಂಜೆಕ್ಟರ್ ಸವೆದಿದೆ ಅಂತ, ಅಷ್ಟೇ. ಇಂಜೆಕ್ಟರ್ ಬುಡದ ವಾಷರ್ ಕೂಡ ನೋಡಿ, ನಾನು ನೋಡಲಿಲ್ಲ. ಮೂರನೇ ಇಂಜೆಕ್ಟರಿನ ಕೆಳಗಿನ ವಾಷರ್ ಸೋರಿ ಸುತ್ತ ಟಾರ್ ಥರ ಕಪ್ಪು ಗಟ್ಟಿಯಾಗಿತ್ತು. ಅದನ್ನು ಕೀಳೋಕೆ ಎರಡು ದಿನ ಹಿಡಿಯಿತು. ಬೆರಳಿನಷ್ಟೂ ಇಲ್ಲದ ವಾಷರ್!

ಕೇಳಿದವರು:
ಎಲ್ಲರಿಗೂ ಧನ್ಯವಾದ. ದಿನಕ್ಕೆ 7 ಮತ್ತು 7 ಕಿಮೀ ಅಂತ ಬರೆದಿದ್ದೆ, ಅದು ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ. ಮಸಿಯವರ ಕಥೆ ಓದಿ ನಾನೇ ಲೆಕ್ಕ ಹಾಕಿಕೊಂಡೆ. ಆದರೂ ಇವತ್ತು ಹೋಗಿ ನೋಡಿ ಬಂದೆ. ಚೈನ್ ಬದಲಾಯಿಸಿದೆ ಅಂತಾರೆ, ಬಿಲ್ ಇಲ್ಲವಂತೆ. ಬೆಳಿಗ್ಗೆ ಎಂಟಕ್ಕೆ ಬರ್ತೀನಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು. ನಿಮಗೋಸ್ಕರ ತೊಳೆಸಿಕೊಂಡು ಬಂದೆ ಅಂದರು. ಗಾಡಿ ಮೇಲೆ ಧೂಳು ಹಾಗೇ ಇತ್ತು.

ಸುಟ್ಟ ಕೈ:
ಆ ಎರಡು ಸೆಕೆಂಡಿನ ಸದ್ದು ಕೇಳಿಸಬಾರದು ಅಂತಲೇ ಬಿಸಿ ಮಾಡಿಟ್ಟಿರೋದು. ನನಗೆ ಮಾರಿದವನೂ ಹೀಗೇ ಮಾಡಿದ್ದ. ತಿರುಗಿ ನೋಡದೆ ಬನ್ನಿ.

ಮೂರು ಲಕ್ಷ ದಾಟಿದವ:
ನೀವು ಬಿಡೋದಾದರೆ ಅವರ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ಇನ್ನೂ ಇಳಿಸಿ ಕೇಳಿದರೆ ಕೊಡಬಹುದು.

ಸುಟ್ಟ ಕೈ:
ಓಹೋ! ಹೆದರಿಸಬೇಡಿ ಅಂದಿದ್ದು ಇದಕ್ಕೇನಾ? ನಿಮ್ಮದು ಅರ್ಧ ತಿರುವಿಗೆ ಸ್ಟಾರ್ಟ್ ಆಗುತ್ತಲ್ಲ, ಇನ್ನೊಂದು ಯಾಕೆ?

ಮೂರು ಲಕ್ಷ ದಾಟಿದವ:
ಸ್ಪೇರ್‌ಗೆ. ಸ್ಟಾರ್ಟ್ ಆಗುತ್ತೆ, ಸುಳ್ಳು ಹೇಳಿಲ್ಲ. ಟರ್ಬೋ ಹೋಗಿದೆ, ಹೋದ ವಾರ.