ಪದಚರ್ಚೆ: ಸುಡೊಕು ಬಿಡಿಸುವ ಆ್ಯಪ್‌ಗೆ ಹೆಸರು ಬೇಕಾಗಿದೆ (ನಾಳೆ ಸಂಜೆಯೊಳಗೆ)

ಮಾನ್ಯರೇ,

ಸುಡೊಕು ಬಿಡಿಸಿಕೊಡುವ ಮೊಬೈಲ್ ಆ್ಯಪ್ ಒಂದರ ಕನ್ನಡ ಅನುವಾದವನ್ನು ನಾಳೆ ಸಂಜೆಯೊಳಗೆ ಒಪ್ಪಿಸಬೇಕಾಗಿದೆ. ಪತ್ರಿಕೆಯಲ್ಲಿ ಅಚ್ಚಾದ ಚೌಕದ ಮೇಲೆ ಕ್ಯಾಮೆರಾ ಹಿಡಿದರೆ ಅದು ಅಂಕಿಗಳನ್ನು ಓದಿಕೊಂಡು ಖಾಲಿ ಮನೆಗಳನ್ನು ತಾನೇ ತುಂಬಿ ತೋರಿಸುತ್ತದೆ. 2011ರಲ್ಲಿ ಗೂಗಲ್ ಗಾಗಲ್ಸ್ ಎಂಬ ಆ್ಯಪ್ ಮಾಡಿ ತೋರಿಸಿದ ಕೆಲಸವೇ ಇದು. ಉಳಿದದ್ದೆಲ್ಲ ಮುಗಿದಿದೆ, ಹೆಸರಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮೂಲದ 'ಸುಡೊಕು ಸಾಲ್ವರ್' ಎಂಬುದನ್ನು ಹಾಗೆಯೇ ಉಳಿಸೋಣವೆಂದರೆ, ಸಾಲದ ಆ್ಯಪ್‌ಗಳ ಕಾಟ ಹೆಚ್ಚಿರುವ ಈ ಕಾಲದಲ್ಲಿ ಜನ ಏನೆಂದು ಓದಿಕೊಂಡಾರೋ ಎಂಬ ಅಳುಕಿದೆ. 'ಸುಡೊಕು ಪರಿಹಾರಕ' ಎಂದು ಬರೆದಿದ್ದೆ. ಕರಡು ನೋಡಿದವರು, ನೆರೆ ಪರಿಹಾರ, ದೋಷ ಪರಿಹಾರಗಳ ಸಾಲಿಗೆ ಇದನ್ನೂ ಸೇರಿಸಿದಿರಾ ಎಂದು ಕೇಳಿ ವಾಪಸು ಕಳಿಸಿದರು. ಹೆಸರು ಉದ್ದವಾದರೆ ಐಕಾನಿನ ಕೆಳಗೆ ಅದರ ಬಾಲ ಕತ್ತರಿಸಿ ಮೂರು ಚುಕ್ಕೆ ಬೀಳುವುದರಿಂದ ಪದ ಚಿಕ್ಕದಾಗಿರಬೇಕು. ಇನ್ನೊಂದು ತೊಡಕೂ ಇದೆ: ಖಾಲಿ ಮನೆಯ ಮೂಲೆಯಲ್ಲಿ ಸಣ್ಣದಾಗಿ ಬರೆದುಕೊಳ್ಳುವ ಅಂಕಿಗಳಿಗೆ ಮೂಲದಲ್ಲಿ 'ಕ್ಯಾಂಡಿಡೇಟ್' ಎಂದಿದೆ. 'ಅಭ್ಯರ್ಥಿಗಳನ್ನು ಅಳಿಸು' ಎಂದು ಗುಂಡಿಯ ಮೇಲೆ ಬರೆಯಲು ಕೈ ಬರುತ್ತಿಲ್ಲ.

(ಮೈಸೂರಿನಿಂದ)

ಉತ್ತರ, ಧಾರವಾಡದಿಂದ:

'ಪರಿಹಾರಕ' ಬೇಡವೇ ಬೇಡ. ಕನ್ನಡಿಗರು ಒಗಟನ್ನು ಒಡೆಯುತ್ತಾರೆ, ಲೆಕ್ಕವನ್ನು ಬಿಡಿಸುತ್ತಾರೆ, ಗಂಟನ್ನು ಬಿಚ್ಚುತ್ತಾರೆ. ಇವುಗಳಲ್ಲಿ ಯಾವುದನ್ನೂ ಪರಿಹರಿಸುವುದಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮದುಮಗಳು ಗಂಡನ ಹೆಸರು ಸೇರಿಸಿ ಹೇಳುವ 'ಒಡಪು' ಕೂಡ ಈ 'ಒಡೆ' ಧಾತುವಿನಿಂದಲೇ ಬಂದದ್ದೆಂದು ನಾನು ಬಹುಕಾಲದಿಂದ ವಾದಿಸುತ್ತ ಬಂದಿದ್ದೇನೆ. ಸಂಸ್ಕೃತದ ಬದಲು ಕನ್ನಡದ್ದೇ ಪದ ಕಟ್ಟುವ ಎಲ್ಲರಕನ್ನಡದವರು ಕಂಪ್ಯೂಟರಿಗೆ 'ಎಣ್ಣುಕ' ಎಂದು ಕಟ್ಟಿದ ಹಾದಿಯಲ್ಲೇ ನಡೆದರೆ 'ಬಿಡಿಸುಕ' ತಾನಾಗಿ ದೊರೆಯುತ್ತದೆ. ಚಿಕ್ಕದು, ಅಚ್ಚಗನ್ನಡದ್ದು. ಮುಗಿಯಿತು.

ಉತ್ತರ, ಬೆಂಗಳೂರಿನಿಂದ:

'ಬಿಡಿಸುಕ' ಎಂಬುದು ಯಾವುದೋ ಹುಳದ ಹೆಸರಿನಂತಿದೆ. ನಮ್ಮಲ್ಲಿ ಅಡ್ಡ-ನೀಟ ಮನೆಗಳ ಆಟಕ್ಕೆ ಆಗಲೇ 'ಪದಬಂಧ' ಎಂಬ ಒಳ್ಳೆಯ ಮಾದರಿ ಇದೆ. ಅದರ 'ಬಂಧ' ಅಕ್ಷರಗಳನ್ನು ಚಿತ್ರದ ಆಕಾರದಲ್ಲಿ ಜೋಡಿಸುವ ಚಿತ್ರಕಾವ್ಯದ ಚಕ್ರಬಂಧ, ಪದ್ಮಬಂಧಗಳ ಮನೆತನದ್ದು. ಸಿರಿಭೂವಲಯವೆಂಬ ಗ್ರಂಥದಲ್ಲಂತೂ ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚಕ್ರದಲ್ಲಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನೇ ತುಂಬಿ, ಬಂಧದ ಜಾಡು ಹಿಡಿದು ಓದಬೇಕು. ಇಂಥ ಪರಂಪರೆ ಇರುವಾಗ ಸುಡೊಕುವನ್ನು 'ಅಂಕಬಂಧ' ಎಂದೂ ಈ ಆ್ಯಪನ್ನು 'ಬಂಧಮೋಚಕ' ಎಂದೂ ಕರೆಯಬೇಕು. 'ಅಂಕಬಂಧ ಬಿಡಿಸುಕ' ಎಂದು ಯಾರೂ ಜೋಡಿಸಬಾರದೆಂದು ಈಗಲೇ ಹೇಳಿಬಿಡುತ್ತೇನೆ. ಸಂಸ್ಕೃತಕ್ಕೆ ಕನ್ನಡ ಬೆಸೆದರೆ ಅದು ಅರಿಸಮಾಸ, ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗಳಂಥ ಕಡೆ ಬಿಟ್ಟರೆ ಒಪ್ಪಿದವನಲ್ಲ.

ಉತ್ತರ, ಮಂಗಳೂರಿನಿಂದ:

'ಬಂಧಮೋಚಕ' ಎಂದರೆ ಜಾಮೀನು ಕೊಡಿಸುವ ಆ್ಯಪ್ ಎಂದುಕೊಳ್ಳುತ್ತಾರೆ. ಅರಿಸಮಾಸದ ವಿಚಾರವನ್ನು 'ರೈಲುಗಾಡಿ' ಹತ್ತಿ ಇಳಿದವರು ಎತ್ತದಿರುವುದು ಒಳ್ಳೆಯದು.

ಎರವಲಿನ ಬಗ್ಗೆ ಇಷ್ಟು ಮಡಿ ಮಾಡುವವರು ಈ ಆಟದ ಹೆಸರಿನ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅಮೆರಿಕದ ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ ರಚಿಸಿದ್ದೆಂದು ನಂಬಲಾಗಿರುವ ಈ ಆಟ 1979ರಲ್ಲಿ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆಯ ಮೂಲಕ ಅಲ್ಲಿಗೆ ಹೋಗಿ, 'ಅಂಕಿ ಒಂಟಿಯಾಗಿರಬೇಕು' ಎಂಬರ್ಥದ ಉದ್ದನೆಯ ಹೆಸರು ಪಡೆದು, ಅದು ಮೊಟಕಾಗಿ 'ಸೂದೊಕು' ಆಯಿತು. ಹಾಂಗ್‌ಕಾಂಗಿನ ನಿವೃತ್ತ ನ್ಯಾಯಾಧೀಶ ವೇಯ್ನ್ ಗೌಲ್ಡ್ ಇಂಥ ಚೌಕಗಳನ್ನು ರಚಿಸುವ ಪ್ರೋಗ್ರಾಂ ಬರೆದು, 2004ರ ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ತಲುಪಿಸಿದ ಮೇಲೆ ಆ ಜಪಾನಿ ಹೆಸರೇ ಲೋಕಕ್ಕೆಲ್ಲ ಹಬ್ಬಿತು. ಜಪಾನಿನಲ್ಲಿ ಆ ಹೆಸರು ನಿಕೋಲಿಯ ಟ್ರೇಡ್‌ಮಾರ್ಕ್ ಆದ್ದರಿಂದ, ಅಲ್ಲಿನ ಇತರ ಪ್ರಕಾಶಕರು 'ನಂಬರ್ ಪ್ಲೇಸ್' ಎಂಬುದನ್ನೇ ಕತ್ತರಿಸಿ 'ನಂಪುರೆ' ಎನ್ನುತ್ತಾರೆ. ಇಂಗ್ಲಿಷಿನವರು ಜಪಾನಿಯಿಂದಲೂ ಜಪಾನಿಯರು ಇಂಗ್ಲಿಷಿನಿಂದಲೂ ತಂದುಕೊಂಡು ಸುಖವಾಗಿರುವಾಗ ನಾವು 'ಸುಡೊಕು' ಎಂದರೆ ಯಾರ ಗಂಟೂ ಹೋಗುವುದಿಲ್ಲ.

ಈಗ ಕೇಳಿದ ಪ್ರಶ್ನೆಗೆ ಬರುತ್ತೇನೆ. 'ಪರಿಹಾರಕ', 'ಮೋಚಕ'ದಂಥ ಕರ್ತೃಪದ ಬೇಕೇಬೇಕೆಂದು ಯಾರು ಹೇಳಿದರು? 'ಸುಡೊಕು ಬಿಡಿಸು' ಎಂದರೆ ಸಾಕು. ಇಲ್ಲಿ ಏಕವಚನವೇ ಇರಬೇಕು. ಗುಂಡಿಗಳ ಮೇಲೆ 'ಉಳಿಸಿ', 'ಅಳಿಸಿ' ಎಂದು ಮರ್ಯಾದೆ ಕೊಡುವ ರೂಢಿಯನ್ನು ಈ ಹೆಸರಿಗೂ ತಂದು 'ಸುಡೊಕು ಬಿಡಿಸಿ' ಎಂದಿರೋ, ಪತ್ರಿಕೆಯಲ್ಲಿ ಚೌಕದ ತಲೆಯ ಮೇಲೆ ಓದುಗರಿಗೆ ಹೇಳುವ ಮಾತೇ ಆಗಿಬಿಡುತ್ತದೆ. ಬಿಡಿಸಲಾಗದೆ ಆ್ಯಪ್ ತೆರೆದವನಿಗೆ ನೀನೇ ಬಿಡಿಸಿಕೋ ಎಂದಂತಾಗುತ್ತದೆ. 'ಬಿಡಿಸು' ಎಂಬುದು ಬಳಕೆದಾರ ಯಂತ್ರಕ್ಕೆ ಹೇಳುವ ಮಾತು.

ಉತ್ತರ, ಬೆಂಗಳೂರಿನಿಂದ:

ರಂಗೋಲಿ ಬಿಡಿಸುತ್ತಾರೆ, ಹತ್ತಿ ಬಿಡಿಸುತ್ತಾರೆ, ಅವರೆಕಾಳು ಬಿಡಿಸುತ್ತಾರೆ. 'ಸುಡೊಕು ಬಿಡಿಸು' ಎಂದರೆ ಚೌಕ ಗೀಚು ಎಂದೇಕೆ ಆಗಬಾರದು? ಅಲ್ಲದೆ ಯಂತ್ರ ಏನನ್ನೂ ಬಿಡಿಸುವುದಿಲ್ಲ. ಒಂದು ಮನೆಯಲ್ಲಿ ಒಂದು ಅಂಕಿ ಇಟ್ಟು ಮುಂದೆ ಹೋಗುತ್ತದೆ, ಎಲ್ಲಿಯೋ ಸಾಲಿನಲ್ಲಿ ಅದೇ ಅಂಕಿ ಎದುರಾದರೆ ಹಿಂದಕ್ಕೆ ಬಂದು ಅಳಿಸಿ ಇನ್ನೊಂದನ್ನು ಇಡುತ್ತದೆ. ಇದು ತಡಕಾಟ.

ಉತ್ತರ, ಮಂಗಳೂರಿನಿಂದ:

ಪೆನ್ಸಿಲ್ ಮತ್ತು ರಬ್ಬರ್ ಹಿಡಿದು ನಾವು ಮಾಡುವುದೂ ಅದನ್ನೇ, ಸ್ವಾಮಿ. ಪತ್ರಿಕೆಯಲ್ಲಿ 'ಪದಬಂಧ ಬಿಡಿಸಿ' ಎಂದು ಓದಿ ರಂಗೋಲಿ ಪುಡಿ ತಂದವರನ್ನು ನಾನು ಕಂಡಿಲ್ಲ.

ಮೈಸೂರಿನಿಂದ, ಮತ್ತೆ:

ಎಲ್ಲರಿಗೂ ವಂದನೆಗಳು. 'ಸುಡೊಕು ಬಿಡಿಸು' ಎಂಬುದನ್ನೇ ಕಳಿಸುತ್ತಿದ್ದೇನೆ; ಐಕಾನಿನ ಕೆಳಗೆ ಚುಕ್ಕೆ ಬೀಳದೆ ಕುಳಿತಿದೆ. ಕ್ಯಾಂಡಿಡೇಟ್‌ಗೆ 'ಸಾಧ್ಯ ಅಂಕಿ' ಎಂದು ಬರೆದಿದ್ದೇನೆ. ಉಳಿದಿರುವುದು ದೋಷದ ಸಂದೇಶ ಒಂದೇ. ಕೊಟ್ಟ ಅಂಕಿಗಳು 17ಕ್ಕಿಂತ ಕಡಿಮೆಯಿದ್ದರೆ ಒಂದೇ ಉತ್ತರ ಇರಲು ಸಾಧ್ಯವಿಲ್ಲವೆಂದು ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಅವರ ತಂಡ 2012ರಲ್ಲಿ ತೋರಿಸಿಕೊಟ್ಟಿದೆ. ಕ್ಯಾಮೆರಾ ಕೆಲವು ಅಂಕಿಗಳನ್ನು ಓದದೆ ಬಿಟ್ಟಾಗ ಆ್ಯಪ್ ಇದೇ ಲೆಕ್ಕ ಹಿಡಿದು ಎಚ್ಚರಿಸುತ್ತದೆ. ಅದಕ್ಕೆ 'ಅನನ್ಯ ಪರಿಹಾರ ಲಭ್ಯವಿಲ್ಲ' ಎಂದಿದ್ದುದನ್ನು ತೆಗೆದು, 'ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಕೆಲವು ಅಂಕಿಗಳು ಬಿಟ್ಟುಹೋಗಿರಬಹುದು, ಚೌಕವನ್ನು ಮತ್ತೊಮ್ಮೆ ತೋರಿಸಿ' ಎಂದು ಬದಲಿಸಿದ್ದೇನೆ. ಇಲ್ಲಿ ಮಾತಾಡುತ್ತಿರುವುದು ಯಂತ್ರವಾದ್ದರಿಂದ ಬಹುವಚನವನ್ನೇ ಇಟ್ಟಿದ್ದೇನೆ.

ಉತ್ತರ, ಧಾರವಾಡದಿಂದ:

'ಸಾಧ್ಯ'ವೂ ಎರವಲು, 'ಅಂಕಿ'ಯೂ ಎರವಲು. ಕಳಿಸಿ, ಕಳಿಸಿ.