ಒಸಡಿನ ರೋಗಕ್ಕ ಇಮ್ಯುನಿಟಿ ಟಾನಿಕ್ ಕೊಟ್ರ ಉಪಯೋಗ ಐತೇನ್ರಿ?

ಘಟಪ್ರಭಾ, ಬಾಗಲಕೋಟೆ
ಅವ್ವಗ 56 ವರ್ಷ, ಶುಗರ್ ಐತಿ, ಎಚ್‌ಬಿಎ1ಸಿ 8.9 (ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷಾ). ಕೆಳಗಿನ ಮುಂದಿನ ಹಲ್ಲು ಅಲುಗಾಡಾಕತ್ತಾವು, ಪಾಕೆಟ್ (ಹಲ್ಲು-ಒಸಡಿನ ನಡುವಿನ ಸಂದಿಯ ಆಳ) 6–7 ಮಿ.ಮೀ. ಅಂತ ಚೀಟಿಯೊಳಗ ಬರದಾರ. ಹೋದ ವರ್ಷ ಕ್ಲೀನಿಂಗ್ ಮಾಡಿಸಿದ್ವಿ, ಮತ್ತ ಬಾತೈತಿ. ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ತಿಕ್ಕೂದು ಬಿಟ್ಟಿಲ್ಲ, ಆದ್ರ ರಕ್ತ ಅಷ್ಟೇನು ಬರೂದಿಲ್ಲ. ರೋಗನಿರೋಧಕ ಶಕ್ತಿ ಕಡಿಮಿ ಆಗೇತಿ, ಟಾನಿಕ್ ಕೊಡ್ರಿ ಅಂತಾರ ಔಷಧಿ ಅಂಗಡ್ಯಾಗ. ಖರೇನ?

ಪೆರಿಯೋ_ಬೆಳಗಾವಿ
ಶಕ್ತಿ ಕಡಿಮಿ ಆಗಿಲ್ರಿ, ಅದರ ಸಿಟ್ಟು ಇಳೀವಲ್ದು. ಹಲ್ಲಿನ ಬುಡದ ಸಂದಿಯೊಳಗ ಪಾಚಿ ಕುಂತ್ರ ಮೊದಲು ಬರೂವು ನ್ಯೂಟ್ರೋಫಿಲ್ ಅನ್ನೂ ಬಿಳಿ ರಕ್ತಕಣ. ಪಾಚಿ ಪದರಾಗಿ ಅಂಟಿರತೈತಿ, ಪೂರಾ ನುಂಗಾಕ ಆಗೂದಿಲ್ಲ. ಆಗ ತಮ್ಮೊಳಗಿನ ಎಂಜೈಮ್ ಹೊರಗ ಚೆಲ್ತಾವು. ಅದರಾಗಿನ ಎಂಎಂಪಿ-8, ಒಸಡನ್ನ ಹಲ್ಲಿಗೆ ಹಿಡಿದಿಟ್ಟ ಕೊಲಾಜೆನ್ ನಾರನ್ನ ಕತ್ತರಸ್ತೈತಿ. ಹಿಂದಿಂದ ಬರೂ ಇನ್ನೊಂದು ಜಾತಿ ಬಿಳಿಕಣ ಲಿಂಫೋಸೈಟ್‌ಗಳು ಐಎಲ್-17, ರ‍್ಯಾಂಕ್-ಎಲ್ ಅನ್ನೂ ಸಂದೇಶ ಪ್ರೋಟೀನ್ ಬಿಡ್ತಾವು, ಆಸ್ಟಿಯೋಕ್ಲಾಸ್ಟ್ ಕಣ ಎದ್ದು ಎಲುಬು ಕರಗಸ್ತಾವು. ಎಲುಬು ತಿಂದದ್ದು ಬಹುತೇಕ ನಮ್ಮವೇ ಕಣ, ಚಿತಾಯಿಸಿದ್ದು ಕ್ರಿಮಿ.

ಪಿ. ಜಿಂಜಿವ್ಯಾಲಿಸ್ ಅನ್ನೂ ಒಸಡಿನ ಕ್ರಿಮಿ ಅಂತೂ ಭಾಳ ಕಿಲಾಡಿ. ನಮ್ಮ ರಕ್ತದಾಗಿನ ರೋಗನಿರೋಧಕ ಸಿ5 ಪ್ರೋಟೀನನ್ನ ತಾನೇ ಕತ್ತರಿಸಿ ಬಿಳಿಕಣಗಳ ಕೊಲ್ಲೂ ಕಸುವು ಕೆಡಸ್ತೈತಿ, ಬಾವು ಮಾತ್ರ ಆರಗೊಡೂದಿಲ್ಲ. ಬಾವಿನ್ಯಾಗ ಸಿಗೂ ಪ್ರೋಟೀನು, ಕಬ್ಬಿಣಾನ ಅದಕ್ಕ ಊಟ.

ಹಂಗಂತ ನಿರೋಧಕ ಶಕ್ತಿ ತಗ್ಗಿಸೂದೂ ಉಪಾಯ ಅಲ್ಲ. ನ್ಯೂಟ್ರೋಫಿಲ್ ಒಸಡಿಗೆ ತಲುಪದ ಹುಟ್ಟುರೋಗ ಇರೂ ಹುಡುಗ್ರಿಗೆ ಎಳೇ ವಯಸ್ಸಿನ್ಯಾಗ ಹಲ್ಲು ಉದುರ್ತಾವು. ಟಾನಿಕ್ಕಿನ ರೊಕ್ಕ ಉಳಿಸ್ರಿ, ಪಾಚಿ ತಗಸ್ರಿ.

ಗೋಳಗುಮ್ಮಟ_ಡೆಂಟಲ್, ವಿಜಯಪುರ
ರಕ್ತ ಬರೂದಿಲ್ಲ ಅಂತ ಸಮಾಧಾನ ಪಡಬ್ಯಾಡ್ರಿ. ನಿಕೋಟಿನ್ ರಕ್ತನಾಳ ಬಿಗಿ ಮಾಡ್ತದ, ರೋಗ ಒಳಗ ಇದ್ರೂ ಒಸಡು ಶಾಣ್ಯಾನಂಗ ಕಾಣ್ತದ. ಮಿಶ್ರಿ ಬಿಡದಿದ್ರ ಎಂಥಾ ಕ್ಲೀನಿಂಗೂ ಅರ್ಧಾನೇ ಫಲ.

ಬರೀ ಮ್ಯಾಲಮ್ಯಾಲಿನ ಸ್ಕೇಲಿಂಗ್ (ಕ್ಲೀನಿಂಗ್) 6 ಮಿ.ಮೀ. ಪಾಕೆಟ್ಟಿಗೆ ಸಾಲೂದಿಲ್ಲ. ಒಂದೊಂದು ಹಲ್ಲಿಗೆ ಆರು ಕಡೆ ಪ್ರೋಬ್ (ಆಳ ಅಳೆಯೂ ಕಡ್ಡಿ) ಹಾಕಿ ಅಳತಿ ಬರಸ್ರಿ. ಜುಮ್ಮು ಹಿಡಿಸೂ ಇಂಜೆಕ್ಷನ್ ಕೊಟ್ಟು ಬೇರಿನ ಮ್ಯಾಲಿಂದ ಕ್ಯುರೆಟ್‌ನಿಂದ ಪಾಚಿ ಕೆರೀಬೇಕು. 8ರಿಂದ 12 ವಾರಕ್ಕ ಮತ್ತ ಅಳತಿ. ಆಗೂ 6 ಮಿ.ಮೀ. ಉಳಿದ್ರ ಫ್ಲ್ಯಾಪ್ ಆಪರೇಷನ್ (ಒಸಡು ಬಿಡಿಸಿ ಬೇರು ಸ್ವಚ್ಛ ಮಾಡೂದು) ಮಾತು. ಆಮ್ಯಾಲೆ ಮೂರು ತಿಂಗಳಿಗೊಮ್ಮೆ ಹೋಗೂದು ತಪ್ಪಸಬ್ಯಾಡ್ರಿ, ಸಂದಿಯೊಳಗ ಕ್ರಿಮಿ ಮತ್ತ ಮನಿ ಕಟ್ಟಾಕ ಅಷ್ಟು ದಿನ ಸಾಕು. ನಿಮ್ಮೂರಾಗ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು ಅದಲ್ಲ, ಪೆರಿಯೋ (ಒಸಡಿನ) ವಿಭಾಗಕ್ಕ ತೋರಸ್ರಿ.

ಮನ್ಯಾಗ ಹಲ್ಲು-ಹಲ್ಲಿನ ನಡುವ ಹಾಕೂ ಸಂದಿ ಬ್ರಷ್, ದಿನಾ ರಾತ್ರಿ. ಸಡಿಲಾಗಿ ಹೋದ್ರ ಉಪಯೋಗಿಲ್ಲ, ಒತ್ತಿ ತುರುಕಬೇಕಾದ್ರ ಸೈಜು ದೊಡ್ಡದು. ಕ್ಲೋರ್‌ಹೆಕ್ಸಿಡಿನ್ 0.2% (ಬಾಯಿ ಮುಕ್ಕಳಿಸೂ ಔಷಧಿ) ಎರಡು ವಾರಕ್ಕಿಂತ ಹೆಚ್ಚು ಬ್ಯಾಡ: ಹಲ್ಲು ಕಂದ್ತಾವು, ಅದು ಪಾಕೆಟ್ ತಳಕ್ಕ ಇಳಿಯೂದೂ ಇಲ್ಲ.

ಘಟಪ್ರಭಾ
ಡಾಕ್ಸಿಸೈಕ್ಲಿನ್ (ಆ್ಯಂಟಿಬಯೋಟಿಕ್ ಗುಳಿಗಿ) 20 ಮಿ.ಗ್ರಾಂ. ಅಂತ ಒಬ್ರು ಹೇಳಿದ್ರು. ಮತ್ತ ಅಲುಗಾಡೂ ಹಲ್ಲು ಕೀಳಿಸೂದೇನು?

ಪೆರಿಯೋ_ಬೆಳಗಾವಿ
ಆ ಡೋಸು ಕ್ರಿಮಿ ಕೊಲ್ಲಾಕಲ್ಲ, ಎಂಎಂಪಿ ತಡಿಯಾಕ. ಲಾಭ ಅಲ್ಪ, ಯುರೋಪಿನ 2020ರ ಮಾರ್ಗಸೂಚಿ ಬ್ಯಾಡ ಅಂತೈತಿ. ಕೀಳೂ ಅವಸರ ಬ್ಯಾಡ, ಬಾವು ಇಳಿದ್ರ ಎಷ್ಟೋ ಹಲ್ಲು ಬಿಗಿ ಆಗ್ತಾವು, ಬೇಕಾದ್ರ ಪಕ್ಕದ ಹಲ್ಲಿಗೆ ಜೋಡಿಸಿ ಕಟ್ಟೂ ಸ್ಪ್ಲಿಂಟ್ ಹಾಕ್ತಾರ. ಶುಗರ್ ಡಾಕ್ಟರಿಗೂ ತಿಳಸ್ರಿ. ಒಸಡಿನ ಚಿಕಿತ್ಸಾ ಆದ 3–4 ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳೀತೈತಿ. ಮುಂಜಾನೆ ಅಪಾಯಿಂಟ್‌ಮೆಂಟ್ ತಗೋರಿ, ನಾಷ್ಟಾ ಮಾಡಿಸಿ ಶುಗರ್ ಗುಳಿಗಿ ಕೊಟ್ಟು ಕರಕೊಂಡು ಹೋಗ್ರಿ, ಖಾಲಿ ಹೊಟ್ಟಿಲೆ ಬ್ಯಾಡ.